ಹಾಕಪ್ಪ ಅಂದದ್ದು ಯಾರಿಗೆ

ಫೆಬ್ರವರಿ 3, ಸೋಮವಾರ

ದೊಡ್ಡಕ್ಕ ಬಂದು ನನ್ನ ನೆಮ್ಮದಿಗೆ ಕಲ್ಲು ಹಾಕಿ ಹೋದರು. ನಮ್ಮ ನರ್ಸುಗಳ ಸಂಘದ ಅಧ್ಯಕ್ಷೆ ಅವರು, ವಯಸ್ಸಿಗಿಂತ ಹೆಚ್ಚಾಗಿ ಗಂಟಲಿನಿಂದ ದೊಡ್ಡಕ್ಕ ಆದವರು. ಹೆಂಗಸರ ಆಸ್ಪತ್ರೆಗಳ ನಿಯಮ ತಿದ್ದುವುದಕ್ಕೆ ಮುಂದಿನ ತಿಂಗಳು ಶಾಸಕರ ಸಮಿತಿಯೊಂದು ಕೂರುತ್ತದಂತೆ. ಅದರ ಮುಂದೆ ಒಬ್ಬಳು ನರ್ಸ್ ಮಾತಾಡಬೇಕಂತೆ. ಯಾರಪ್ಪ ಆ ಪುಣ್ಯಾತ್ಗಿತ್ತಿ ಎಂದು ನಗುತ್ತಾ ಕೇಳಿದೆ. ನೀನೇ ಅಂದರು. ನಗು ಅಲ್ಲೇ ಸತ್ತಿತು.

ಬಸ್ಸಿನಲ್ಲಿ ಬಾಕಿ ಚಿಲ್ಲರೆ ಕೇಳುವುದಕ್ಕೂ ನಾಲಿಗೆ ಬಾರದವಳು ನಾನು. ಹೋಗಿ ಹೋಗಿ ನನ್ನನ್ನೇ ಯಾಕೆ ಆರಿಸಿದರು? ಡಾಕ್ಟರಿಲ್ಲದ ಕ್ಲಿನಿಕ್ಕಿನಲ್ಲಿ ಇಷ್ಟು ವರ್ಷ ಇದ್ದವಳು ನೀನೊಬ್ಬಳೇ ಅಂದರು. ಇದ್ದದ್ದು ತಪ್ಪಾಯಿತು ಅನ್ನೋಣವೆಂದರೆ ಅಷ್ಟರಲ್ಲಿ ಹೊರಟೇ ಹೋಗಿದ್ದರು.

ಸಂಘ ಕೇಳುತ್ತಿರುವುದು ಆಕಾಶವನ್ನಲ್ಲ. ಬಸುರಿಯ ಜೀವಕ್ಕೆ ಬಂದಾಗ ಕೊಡುವ ಕೆಲವು ಇಂಜೆಕ್ಷನ್ನುಗಳಿವೆ. ಈಗಿನ ನಿಯಮ ಹೇಳುವುದು, ವೈದ್ಯರ ಆದೇಶ ಪಡೆದ ನಂತರ ಕೊಡತಕ್ಕದ್ದು. ನಮಗೆ ಬೇಕಾದದ್ದು, ಕೊಟ್ಟ ನಂತರ ವೈದ್ಯರಿಗೆ ತಿಳಿಸತಕ್ಕದ್ದು. ಒಂದು 'ನಂತರ' ಆ ಕಡೆಯಿಂದ ಈ ಕಡೆಗೆ ಬಂದು ಕೂತರೆ ಮುಗಿಯಿತು.

ನಮ್ಮ ಕ್ಲಿನಿಕ್ಕು ಸೇತುವೆಯ ಆಚೆ. ಡಾಕ್ಟರು ಬರುವುದು ಮಂಗಳವಾರ ಮತ್ತು ಶುಕ್ರವಾರ, ಮಿಕ್ಕ ದಿನ ನಾನು ಮತ್ತು ಆಯಾ. ಏನಾದರೂ ಆದರೆ ಡಾಕ್ಟರಿಗೆ ಫೋನ್ ಮಾಡುತ್ತೇನೆ. ಔಷಧಿಯ ಹೆಸರು ನಾನೇ ಹೇಳುತ್ತೇನೆ, ಎಷ್ಟು ಅಂತಲೂ ನಾನೇ ಹೇಳುತ್ತೇನೆ, ಕೊನೆಗೆ "ಹಾಕ್ಲಾ ಸಾರ್?" ಅನ್ನುತ್ತೇನೆ. ಅವರು "ಹ್ಞೂಂ, ಹಾಕಮ್ಮ" ಅನ್ನುತ್ತಾರೆ. ಅದೇ ವೈದ್ಯರ ಆದೇಶ.

ಅತ್ತೆಗೆ ವಿಷಯ ಹೇಳಿದೆ. ನಿನ್ನ ಬೋರ್ಡಿನ ಮೇಲೆ ನರ್ಸ್ ಪ್ರಾಕ್ಟಿಷನರ್ ಅಂತ ಇದೆಯಲ್ಲ, ಇಷ್ಟು ವರ್ಷವಾದರೂ ಇನ್ನೂ ಪ್ರಾಕ್ಟೀಸೇನಾ, ಮೊದಲು ಅದು ಮುಗಿಯಲಿ ಅಂದರು. ನಾಳೆ ಆಗುವುದಿಲ್ಲ ಅಂತ ದೊಡ್ಡಕ್ಕನಿಗೆ ಹೇಳಿಬಿಡಬೇಕು.

ಫೆಬ್ರವರಿ 10, ಸೋಮವಾರ

ಹೇಳಲಿಲ್ಲ. ಆಗುವುದಿಲ್ಲ ಅನ್ನುವುದಕ್ಕೂ ಧೈರ್ಯ ಬೇಕಲ್ಲ.

ಟೈಲರಮ್ಮ ಬಂದಿದ್ದಳು. ಕ್ಲಿನಿಕ್ಕಿನ ಎದುರು ಹೊಲಿಗೆ ಅಂಗಡಿ ಅವಳದು. ತಲೆಯಲ್ಲಿ ಬಿಳಿ ಕೂದಲು ಕಾಣಿಸಿದ ಮೇಲೆ ಮೊದಲ ಸಲ ಬಸುರಿಯಾಗಿದ್ದಾಳೆ. ಕಾಲು ಊದಿ ತನ್ನ ಚಪ್ಪಲಿ ಹಿಡಿಸದೆ ಗಂಡನ ಚಪ್ಪಲಿ ಮೆಟ್ಟಿಕೊಂಡು ಬಂದಿದ್ದಳು. ಬಿಪಿ ಏರುತ್ತಿದೆ. ನನಗೆ ಅದು ಸರಿ ಕಾಣಲಿಲ್ಲ. ನಾಳೆ ಡಾಕ್ಟರಿಗೆ ತೋರಿಸು, ದೊಡ್ಡಾಸ್ಪತ್ರೆಗೆ ಸೇರಿಕೋ ಅಂದೆ. ಶಾಲೆ ಮಕ್ಕಳ ಸಮವಸ್ತ್ರ ಹೊಲಿದುಕೊಡಬೇಕು ಅಕ್ಕ, ಅದೊಂದು ಮುಗಿಸ್ತೀನಿ ಅಂದಳು. ಮಕ್ಕಳು ಹಳೆಯದನ್ನೇ ಹಾಕಿಕೊಳ್ಳಲಿ ಎಂದು ಗದರಿದೆ. ನಕ್ಕಳು. ನನಗೆ ನಗು ಬರಲಿಲ್ಲ.

ಫೆಬ್ರವರಿ 15, ಶನಿವಾರ

ಮನೆಯವರು ಸಮಿತಿಯ ಅಧ್ಯಕ್ಷರಾಗಿ ಕುರ್ಚಿಯಲ್ಲಿ ಕೂತರು, ನಾನು ಎದುರು ನಿಂತು ಭಾಷಣ ಒಪ್ಪಿಸಿದೆ. ಇಡೀ ದಿನ ಫ್ರಿಜ್ ರಿಪೇರಿ ಮಾಡಿ ಬಂದವರು, ಎರಡನೇ ಪುಟಕ್ಕೆ ಗೊರಕೆ ಹೊಡೆದರು. ನಿಜವಾದ ಅಧ್ಯಕ್ಷರೂ ಹೀಗೇ ಮಲಗಿದರೆ ಎಷ್ಟು ಚೆನ್ನ.

ಡಾಕ್ಟರು ಟೈಲರಮ್ಮನಿಗೆ ಮಾತ್ರೆ ಕೊಟ್ಟು, ಬರುವ ಶುಕ್ರವಾರ ಸೇರಿಕೋ ಅಂದಿದ್ದಾರೆ. ಶುಕ್ರವಾರ ಅಂದರೆ ಬಹಳ ದೂರ ಅನಿಸುತ್ತದೆ. ದಿನಾ ಬಂದು ಬಿಪಿ ತೋರಿಸಬೇಕು ಅಂತ ಅವಳ ಕೈಯಲ್ಲಿ ಆಣೆ ಹಾಕಿಸಿಕೊಂಡಿದ್ದೇನೆ.

ಫೆಬ್ರವರಿ 19, ಬುಧವಾರ

ಅಕ್ಷರ ನನಗೇ ಓದಲಾಗುತ್ತಿಲ್ಲ. ಆದರೂ ಬರೆಯುತ್ತೇನೆ, ಇಲ್ಲದಿದ್ದರೆ ಯಾರಿಗಾದರೂ ಹೇಳಿಬಿಡುತ್ತೇನೆ.

ಮಧ್ಯಾಹ್ನ ಟೈಲರಮ್ಮ ಗೋಡೆ ಹಿಡಿದುಕೊಂಡು ಬಂದಳು. ತಲೆ ಸಿಡಿದು ಹೋಗ್ತಿದೆ, ಕಣ್ಣ ಮುಂದೆ ಮಿಂಚು ಮಿಂಚು ಅಂದಳು. ಬಿಪಿ ನೋಡಿದೆ. ಯಂತ್ರ ಕೆಟ್ಟಿರಲಿ ದೇವರೇ ಅಂದುಕೊಂಡು ಇನ್ನೊಂದು ಕೈಗೆ ಕಟ್ಟಿದೆ. ಯಂತ್ರ ಕೆಟ್ಟಿರಲಿಲ್ಲ. ಫಿಟ್ಸ್ ಇನ್ನೇನು ಬಾಗಿಲಲ್ಲಿದೆ. ಬಂದರೆ ತಾಯಿಯೂ ಹೋಗಬಹುದು, ಮಗುವೂ ಹೋಗಬಹುದು. ತಡೆಯುವ ಇಂಜೆಕ್ಷನ್ ಕಪಾಟಿನಲ್ಲೇ ಇದೆ, ಮ್ಯಾಗ್‌ಸಲ್ಫ್ ಅನ್ನುತ್ತೇವೆ. ಅದೂ ಸಾಧುವಾದದ್ದಲ್ಲ, ಹೆಚ್ಚಾದರೆ ಉಸಿರನ್ನೇ ನಿಲ್ಲಿಸಿಬಿಡುತ್ತದೆ.

ಆಯಾ ಆಂಬುಲೆನ್ಸಿಗೆ ಹೇಳಲು ಓಡಿದಳು. ನಾನು ಡಾಕ್ಟರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಮತ್ತೆ. ಕೊನೆಗೆ ಎತ್ತಿದರು. ಬರೀ ಕರಕರ ಸದ್ದು, ಹಿಂದೆ ಯಾವುದೋ ರೇಡಿಯೋ. ಒಂದೇ ಉಸಿರಿನಲ್ಲಿ ಎಲ್ಲ ಹೇಳಿ "ಹಾಕ್ಲಾ ಸಾರ್?" ಅಂದೆ.

"ಹ್ಞೂಂ, ಹಾಕಪ್ಪ" ಅಂತ ಬಂತು. ಲೈನ್ ಕಟ್ಟಾಯಿತು.

ಹಾಕಪ್ಪ. ಇಷ್ಟು ವರ್ಷದಲ್ಲಿ ಅವರು ನನಗೆ ಒಂದು ಸಲವೂ ಅಪ್ಪ ಅಂದವರಲ್ಲ. ಯಾವಾಗಲೂ ಹಾಕಮ್ಮ. ಅವರ ಪಕ್ಕದಲ್ಲಿ ಯಾರೋ ಗಂಡಸು ಇದ್ದಾನೆ, ಅವನಿಗೆ ಹೇಳಿದ್ದು ಅದು. ನನ್ನ ಮಾತು ಅವರ ಕಿವಿಗೆ ಬಿದ್ದೇ ಇಲ್ಲ. ಇಷ್ಟೂ ನನಗೆ ಆ ಕ್ಷಣದಲ್ಲೇ ಹೊಳೆಯಿತು. ಮತ್ತೆ ಫೋನ್ ಮಾಡಿದೆ, ಸ್ವಿಚ್ ಆಫ್ ಅಂತ ಬಂತು. ಆಯಾ ಒಳಗೆ ಬಂದು ಡಾಕ್ಟ್ರು ಏನಂದ್ರು ಅಂತ ಕೇಳಿದಳು. ಟೈಲರಮ್ಮನ ಕಣ್ಣು ಮೇಲಕ್ಕೆ ಹೋಗುತ್ತಿತ್ತು.

"ಹಾಕು ಅಂದ್ರು" ಅಂದೆ.

ಹಾಕಿದೆ. ಆಮೇಲೆ ಆಂಬುಲೆನ್ಸ್ ಬರುವ ತನಕ ಅವಳ ಮೊಣಕಾಲಿಗೆ ತಟ್ಟುತ್ತಾ ಕೂತೆ. ಕಾಲು ಎಗರಿದರೆ ಔಷಧಿ ಹೆಚ್ಚಾಗಿಲ್ಲ ಎಂದು ಅರ್ಥ. ಪ್ರತಿ ಸಲ ತಟ್ಟುವಾಗಲೂ ಈ ಸಲ ಎಗರದಿದ್ದರೆ ಅಂತ ನನ್ನ ಜೀವ ಬಾಯಿಗೆ ಬರುತ್ತಿತ್ತು. ಎಗರಿತು. ಅವಳನ್ನು ಕಳಿಸಿದ ಮೇಲೆ ಹಿತ್ತಿಲಿಗೆ ಹೋಗಿ ವಾಂತಿ ಮಾಡಿಕೊಂಡೆ.

ಫೆಬ್ರವರಿ 21, ಶುಕ್ರವಾರ

ಬದುಕಿದ್ದಾಳೆ. ಹೆಣ್ಣು ಮಗು, ಗುಬ್ಬಿಯಷ್ಟಿದೆಯಂತೆ, ಅದೂ ಬದುಕಿದೆ.

ಡಾಕ್ಟರು ಖುಷಿಯಲ್ಲಿ ಬಂದರು. ದೊಡ್ಡಾಸ್ಪತ್ರೆಯವರು ಅವರನ್ನು ಹೊಗಳಿದ್ದಾರಂತೆ. ಕೇಸ್ ಶೀಟಿನಲ್ಲಿ ನಾನು 'ಫೋನಿನಲ್ಲಿ ವೈದ್ಯರ ಆದೇಶ' ಎಂದು ಬರೆದದ್ದರ ಕೆಳಗೆ ಸಹಿ ಹಾಕಿದರು. ಹಾಕಿದ ಮೇಲೆ ತಲೆಯೆತ್ತಿ, ನಾನು ಯಾವಾಗ ಹೇಳಿದೆ ಅಂದರು. ನಾನು ಅವರ ತಲೆಯನ್ನೇ ನೋಡುತ್ತಿದ್ದೆ. ಮಂಗಳವಾರ ಬಂದಾಗ ಬೆಳ್ಳಗಿದ್ದ ಕೂದಲು ಕಾಗೆಯ ಹಾಗೆ ಕಪ್ಪಗಿತ್ತು. ನಾನು ನೋಡುತ್ತಿರುವುದನ್ನು ನೋಡಿ ಅವರ ಮುಖ ಬಿಳುಚಿಕೊಂಡಿತು.

ಸಲೂನಿನಲ್ಲಿದ್ದರಂತೆ. ಕಿವಿಯ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಫೋನು. ಕರಕರ ಬಿಟ್ಟು ಬೇರೇನೂ ಕೇಳಲಿಲ್ಲವಂತೆ. ಬಣ್ಣ ಕಲಸಿ ಹಿಡಿದುಕೊಂಡಿದ್ದವನು ಹಾಕ್ಲಾ ಸಾರ್ ಅಂದ, ಹ್ಞೂಂ ಹಾಕಪ್ಪ ಅಂದರಂತೆ. ಆಮೇಲೆ ಫೋನಿನ ಚಾರ್ಜು ಹೋಯಿತಂತೆ.

ಬೇರೆ ಹೊತ್ತಾಗಿದ್ದರೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಅವರು ಎದ್ದು ಹೋಗಿ ಬಾಗಿಲು ಹಾಕಿ ಬಂದರು.

"ಬರೆದಾಗಿದೆ, ಸಹಿನೂ ಆಗಿದೆ. ಇದು ನನ್ನ ಆದೇಶವೇ. ಇಬ್ರೂ ಬಾಯಿ ಮುಚ್ಕೊಂಡಿರೋಣಮ್ಮ" ಅಂದರು.

ಒಳ್ಳೆಯ ಮನುಷ್ಯ. ಮೂರು ಕ್ಲಿನಿಕ್ಕು ಸುತ್ತಿ ಹೈರಾಣಾಗಿರುವವರು. ಅದು ನನಗಲ್ಲ ಅಂತ ನನಗೆ ಆಗಲೇ ಗೊತ್ತಿತ್ತು ಎಂಬುದನ್ನು ಮಾತ್ರ ನಾನು ಬಾಯಿಬಿಡಲಿಲ್ಲ. ಗೊತ್ತಿಲ್ಲದೆ ಹಾಕಿದರೆ ಪೊರಪಾಟು. ಗೊತ್ತಿದ್ದೂ ಹಾಕಿದರೆ ನನ್ನ ನೋಂದಣಿ ಹೋಗುತ್ತದೆ, ಅದು ಹೋದರೆ ಯಾವ ಕ್ಲಿನಿಕ್ಕಿನ ಹೊಸ್ತಿಲನ್ನೂ ತುಳಿಯುವ ಹಾಗಿಲ್ಲ.

ಫೆಬ್ರವರಿ 26, ಬುಧವಾರ

ಫೋನ್ ರಿಂಗಾದರೆ ಬೆಚ್ಚಿಬೀಳುತ್ತೇನೆ. ಅಂಚೆಯವನನ್ನು ಕಂಡರೆ ಒಳಗೆ ಹೋಗುತ್ತೇನೆ. ಅತ್ತೆ ನನ್ನ ಹಣೆ ಮುಟ್ಟಿ ನೋಡಿದರು, ಜ್ವರ ಇಲ್ವಲ್ಲ ಅಂದರು.

ಮಾರ್ಚ್ 4, ಮಂಗಳವಾರ

ದೊಡ್ಡಕ್ಕ ಸಿಡಿಮಿಡಿ ಅನ್ನುತ್ತಾ ಬಂದರು. ವೈದ್ಯರ ಸಂಘದವರು ಸಮಿತಿಗೆ ಒಂದು ಕೇಸು ಕೊಟ್ಟಿದ್ದಾರಂತೆ. ಸೇತುವೆಯಾಚೆಯ ಕ್ಲಿನಿಕ್ಕಿನಲ್ಲಿ ನರ್ಸ್ ಫೋನ್ ಮಾಡಿದಳು, ವೈದ್ಯರು ಆದೇಶ ಕೊಟ್ಟರು, ತಾಯಿ ಮಗು ಉಳಿದರು, ಆದ್ದರಿಂದ ಈಗಿನ ನಿಯಮ ಚೆನ್ನಾಗಿಯೇ ನಡೆಯುತ್ತಿದೆ, ತಿದ್ದುವುದೇನೂ ಬೇಡ. ಇದಕ್ಕೆ ಏನು ಉತ್ತರ ಕೊಡುತ್ತೀ ಅಂದರು.

ಬಾಗಿಲು ಹಾಕಿ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಅಪ್ಪ ಅಮ್ಮ ಎಲ್ಲವನ್ನೂ. ದೊಡ್ಡಕ್ಕನ ಗಂಟಲು ಅಡಗಿದ್ದನ್ನು ಇವತ್ತೇ ನೋಡಿದ್ದು.

"ಇದನ್ನ ಅಲ್ಲಿ ಹೇಳು ಅಂತ ನಾನು ಹೇಳಲ್ಲ. ಹೇಳ್ಬೇಡ ಅಂತಾನೂ ಹೇಳಲ್ಲ. ಬೇರೆ ಯಾರನ್ನಾದ್ರೂ ಕಳಿಸ್ತೀನಿ ಬಿಡು" ಅಂದರು.

ಎದೆಯ ಮೇಲಿನ ಚಪ್ಪಡಿ ಇಳಿದ ಹಾಗಾಯಿತು. ಹೊಟ್ಟೆ ತುಂಬ ಊಟ ಮಾಡಿದೆ. ಮನೆಯವರಿಗೆ ನಾನು ಹೋಗುವುದಿಲ್ಲ, ಬಚಾವಾದೆ ಅಂದೆ.

ಮಾರ್ಚ್ 7, ಶುಕ್ರವಾರ

ಟೈಲರಮ್ಮ ಮನೆಗೆ ಬಂದಿದ್ದಾಳೆ, ನೋಡಿಕೊಂಡು ಬಂದೆ. ಮನೆ ತುಂಬ ಜನ. ಫೋನಿನಲ್ಲೇ ಜೀವ ಉಳಿಸಿದ ಡಾಕ್ಟರು ಅಂತ ಅವಳ ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ನಾನೂ ಹೌದೌದು ಅಂದೆ. ಮಗು ನನ್ನ ಕಿರುಬೆರಳು ಹಿಡಿದುಕೊಂಡು ಬಿಡಲೇ ಇಲ್ಲ.

ಬರುವಾಗ ದಾರಿಯಲ್ಲಿ ಸುಮ್ಮನೆ ಒಂದು ಯೋಚನೆ ಬಂತು. ಆ ಕೇಸನ್ನು ತೋರಿಸಿ ನಿಯಮವನ್ನು ಹಾಗೇ ಉಳಿಸಿಕೊಂಡರು ಅನ್ನೋಣ. ನಾಳೆ ಇನ್ನೊಂದು ಕ್ಲಿನಿಕ್ಕಿನಲ್ಲಿ ಇನ್ನೊಬ್ಬಳು ಫೋನ್ ಹಿಡಿದು ಹಾಕ್ಲಾ ಅನ್ನುತ್ತಾಳೆ. ಆ ಹೊತ್ತಿಗೆ ಸರಿಯಾಗಿ ಡಾಕ್ಟರ ತಲೆಗೆ ಬಣ್ಣ ಹಾಕುವವನು ಪಕ್ಕದಲ್ಲಿರಬೇಕಲ್ಲ?

ಮಲಗಲು ಹೋದವಳು ಎದ್ದು ಬಂದು ಭಾಷಣದ ಕಾಗದ ಹುಡುಕಿದೆ.

ಮಾರ್ಚ್ 10, ಸೋಮವಾರ

ದೊಡ್ಡಕ್ಕನಿಗೆ ಫೋನ್ ಮಾಡಿ ಬೇರೆ ಯಾರೂ ಬೇಡ ಅಂದೆ. ನಾಳೆ ಸಮಿತಿಗೆ ಹಾಕಿಕೊಂಡು ಹೋಗುವ ಬೂದು ಬಣ್ಣದ ಬಟ್ಟೆಯನ್ನು ಎರಡು ಸಲ ಇಸ್ತ್ರಿ ಮಾಡಿದೆ, ಮೊದಲನೇ ಸಲ ಮಾಡಿದ್ದು ಮರೆತುಹೋಗಿತ್ತು. ಡಾಕ್ಟರಿಗೂ ಮುಂಚಿತವಾಗಿ ಹೇಳಿದೆ, ನಾಳೆ ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ ಅಂತ. ಅವರು ಫೋನ್ ಇಟ್ಟುಬಿಟ್ಟರು. ಮನೆಯವರು, ನೋಂದಣಿ ಹೋದರೆ ಹೋಗಲಿ, ನನ್ನ ಜೊತೆ ಫ್ರಿಜ್ಜಿಗೆ ಗ್ಯಾಸ್ ತುಂಬುವೆಯಂತೆ ಅಂದರು. ಮಾತು ತಮಾಷೆಯದು, ಕಣ್ಣು ತಮಾಷೆಯದಾಗಿರಲಿಲ್ಲ.

ಮಾರ್ಚ್ 11, ಮಂಗಳವಾರ

ಉದ್ದನೆಯ ಕೋಣೆ, ಕುದುರೆ ಲಾಳದ ಆಕಾರದ ಮೇಜು, ಎಲ್ಲರ ಮುಂದೆ ಮುಚ್ಚಿಟ್ಟ ನೀರಿನ ಲೋಟ. ನನ್ನ ಮುಂದೆ ಮೈಕು, ಅದರ ಕುತ್ತಿಗೆಯಲ್ಲಿ ಕೆಂಪು ದೀಪ. ನೀರು ಕುಡಿಯೋಣವೆಂದರೆ ಮುಚ್ಚಳ ಕೆಳಗೆ ಬಿದ್ದು ಸದ್ದಾದೀತು ಅಂತ ಕುಡಿಯಲಿಲ್ಲ. ನಮ್ಮ ಡಾಕ್ಟರು ಹಿಂದಿನ ಸಾಲಿನಲ್ಲಿ ಕೂತಿದ್ದರು. ನನ್ನತ್ತ ನೋಡಲಿಲ್ಲ.

ವೈದ್ಯರ ಸಂಘದವರು ಮೊದಲು ಮಾತಾಡಿದರು. ನಮ್ಮ ಕೇಸನ್ನೇ ಓದಿದರು, ಚೆನ್ನಾಗಿ ಓದಿದರು. ಕೇಳುತ್ತಾ ಕೇಳುತ್ತಾ ನನಗೇ ಹೌದಲ್ಲ, ಎಷ್ಟು ಒಳ್ಳೆಯ ವ್ಯವಸ್ಥೆ ಅನಿಸಿಬಿಟ್ಟಿತು.

ನನ್ನ ಸರದಿ ಬಂತು. ಎದ್ದು ನಿಂತು "ಶುರು ಮಾಡ್ಲಾ ಸಾರ್?" ಅಂದೆ. ಅಧ್ಯಕ್ಷರು ಪಕ್ಕದ ಗುಮಾಸ್ತನ ಕಡೆ ವಾಲಿಕೊಂಡು ಏನೋ ಕೇಳುತ್ತಿದ್ದವರು, ಹಾಗೇ "ಹ್ಞೂಂ" ಅಂದರು. ಯಾರಿಗೆ ಅಂದರೋ ತಿಳಿಯಲಿಲ್ಲ. ಹೆದರಿಕೆಯಲ್ಲಿ ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ.

"ಆ ಹ್ಞೂಂ ನನಗೇನಾ ಸಾರ್?" ಅಂದುಬಿಟ್ಟೆ.

ಕೋಣೆಯೆಲ್ಲ ನಕ್ಕಿತು. ಅಧ್ಯಕ್ಷರೂ ನಕ್ಕು, ನಿಮಗೇ ಹೇಳಿದ್ದು, ಯಾಕೆ ಅನುಮಾನ ಅಂದರು. ಬರೆದು ತಂದ ಪುಟಗಳು ನನ್ನ ಕೈಯಲ್ಲೇ ಇದ್ದವು, ಒಂದಕ್ಷರವೂ ಕಣ್ಣಿಗೆ ಕಾಣಲಿಲ್ಲ. ಕಾಗದವನ್ನು ಕೆಳಗಿಟ್ಟು ಹೇಳುವುದಕ್ಕೆ ಶುರು ಮಾಡಿದೆ. ಈಗ ಓದಿದರಲ್ಲ, ಆ ನರ್ಸ್ ನಾನೇ ಅಂದೆ. ಟೈಲರಮ್ಮನ ಕಣ್ಣ ಮಿಂಚು, ಕರಕರ ಸದ್ದು, ರೇಡಿಯೋ, ಎಲ್ಲ ಹೇಳಿದೆ. ಫೋನಿನಲ್ಲಿ ಬಂದ ಮಾತು ಹಾಕಪ್ಪ ಅಂತ ಅಂದಾಗ ಮತ್ತೆ ನಕ್ಕರು. ಮೇಜಿನ ತುದಿಯಲ್ಲಿ ಕೂತಿದ್ದ ಒಬ್ಬರು ಸದಸ್ಯೆ ಮಾತ್ರ ನಗಲಿಲ್ಲ.

"ಅದು ನಿಮಗೆ ಹೇಳಿದ್ದಲ್ಲ ಅಂತ ನಿಮಗೆ ಯಾವಾಗ ಗೊತ್ತಾಯ್ತು?" ಎಂದು ಕೇಳಿದರು.

ಇದೇ ಪ್ರಶ್ನೆ. ಇಷ್ಟು ದಿನ ನಿದ್ದೆ ಕೆಡಿಸಿದ್ದು ಇದೊಂದೇ. ಆಮೇಲೆ ಗೊತ್ತಾಯಿತು ಅಂದರೆ ಮುಗಿಯುತ್ತಿತ್ತು. ದೊಡ್ಡಕ್ಕ ಕಣ್ಣು ಮುಚ್ಚಿಕೊಂಡಿದ್ದರು.

"ಕೇಳಿದ ತಕ್ಷಣ ಗೊತ್ತಾಯ್ತು. ಗೊತ್ತಾದ ಮೇಲೇ ಹಾಕಿದೆ."

ನಗು ನಿಂತಿತು. ಗುಮಾಸ್ತ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದ. ಹಾಗಾದರೆ ಆದೇಶವಿಲ್ಲದೆ ಕೊಟ್ಟಿರಿ ಎಂದು ಅಧ್ಯಕ್ಷರು ಕೇಳಿದರು. ಹೌದು ಅಂದೆ. ಇದರ ಪರಿಣಾಮ ಗೊತ್ತೇ ಅಂದರು. ಗೊತ್ತು ಅಂದೆ. ಆ ಸದಸ್ಯೆ ದನಿ ತಗ್ಗಿಸಿ, ಹೆದರಿಕೆ ಆಗಲಿಲ್ಲವೇ ಅಂದರು.

"ಈಗ್ಲೂ ಆಗ್ತಿದೆ ಮೇಡಂ. ಹೆದರಿಕೊಂಡೇ ಹಾಕಿದೆ. ಕಾಯ್ತಾ ಕೂತಿದ್ರೆ ಇನ್ನೂ ಹೆದರಿಕೆ ಆಗ್ತಿತ್ತು."

ಅಧ್ಯಕ್ಷರು ನಮ್ಮ ಡಾಕ್ಟರನ್ನು ಎಬ್ಬಿಸಿದರು. ಅವರು ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತರು. ಕೂದಲ ಬುಡದಲ್ಲಿ ಬಿಳಿ ಕಾಣಿಸಿಕೊಂಡಿತ್ತು. ಅವರು ಇಲ್ಲ ಅಂದರೆ ನಾನು ಸುಳ್ಳಿಯಾಗುತ್ತೇನೆ, ಹೌದು ಅಂದರೆ ಅವರ ಮರ್ಯಾದೆ ಹೋಗುತ್ತದೆ.

"ನರ್ಸಮ್ಮ ಹೇಳಿದ್ದು ನಿಜ. ನಾನು ಏನನ್ನೂ ಕೇಳಿಸ್ಕೊಂಡಿರ್ಲಿಲ್ಲ. ಆ ಜೀವ ಉಳಿಸಿದ್ದು ನಾನಲ್ಲ" ಅಂದರು.

ಹೊರಗೆ ಬಂದೆ. ಮೆಟ್ಟಿಲ ಮೇಲೆ ಕೂತುಬಿಟ್ಟೆ. ಡಾಕ್ಟರು ಪಕ್ಕದಲ್ಲಿ ಬಂದು ಕೂತರು.

ಮಾರ್ಚ್ 12, ಬುಧವಾರ

ಬಸ್ಸಿನಲ್ಲಿ ಕಂಡಕ್ಟರ್ ಚಿಲ್ಲರೆ ಕೊಡಲಿಲ್ಲ. ಕೇಳಿ ಇಸ್ಕೊಂಡೆ. ಬೇರೆ ವಿಶೇಷ ಇಲ್ಲ.

ಏಪ್ರಿಲ್ 2, ಬುಧವಾರ

ಬಂತು. ನರ್ಸಿಂಗ್ ಕೌನ್ಸಿಲ್ಲಿನ ಕಾಗದವನ್ನು ಅಂಚೆಯವನಿಂದ ಅತ್ತೆಯೇ ಇಸ್ಕೊಂಡು, ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದರು. ನನ್ನ ನೋಂದಣಿಯನ್ನು ಒಂದು ವರ್ಷ ತಡೆಹಿಡಿಯಲಾಗಿದೆ. ಡಾಕ್ಟರಿಗೆ ಎಚ್ಚರಿಕೆ ಅಷ್ಟೇ. ಅತ್ತೆ ಕಾಗದವನ್ನು ಮಡಚಿ, ಇವರ ಮನೆಯಲ್ಲಿ ಯಾರೂ ಹೆರಲೇ ಇಲ್ಲವೋ ಏನೋ ಎಂದು ಬೈದರು. ನಾನು ಒಳಗೆ ಹೋಗಿ ಅತ್ತುಬಿಟ್ಟೆ. ಒಂದು ವರ್ಷ. ಅಷ್ಟರಲ್ಲಿ ಕೈ ಮರೆತುಹೋದರೆ? ಆಮೇಲೂ ಕೊಡದಿದ್ದರೆ?

ಏಪ್ರಿಲ್ 24, ಗುರುವಾರ

ಕ್ಲಿನಿಕ್ಕಿಗೆ ಬೇರೆಯವಳು ಬಂದಿದ್ದಾಳಂತೆ. ಬೆಳಿಗ್ಗೆ ಎದ್ದ ತಕ್ಷಣ ಯಾರಿಗೆ ಇವತ್ತು ಎಷ್ಟನೇ ತಿಂಗಳು ಎಂದು ಲೆಕ್ಕ ಹಾಕುತ್ತೇನೆ. ಆಮೇಲೆ ನೆನಪಾಗುತ್ತದೆ.

ಮೇ 19, ಸೋಮವಾರ

ನಿಯಮ ತಿದ್ದಿದ್ದಾರೆ. ದೊಡ್ಡಕ್ಕ ಫೋನಿನಲ್ಲಿ ಕಿರುಚಿದ್ದು ಪಕ್ಕದ ಮನೆಗೂ ಕೇಳಿಸಿರಬೇಕು. ಇವತ್ತಿನಿಂದಲೇ ಜಾರಿ. ನಿನ್ನ ಶಿಕ್ಷೆ ಮಾತ್ರ ಹಳೇ ನಿಯಮದ್ದು, ಅದನ್ನು ತೆಗೆಯೋದಿಲ್ಲವಂತೆ ಎಂದು ಕೊನೆಯಲ್ಲಿ ಮೆಲ್ಲಗೆ ಹೇಳಿದರು. ಸಂತೋಷಪಡಬೇಕೋ ಅಳಬೇಕೋ ತಿಳಿಯದೆ ಪಾತ್ರೆ ತೊಳೆದೆ.

ಮೇ 28, ಬುಧವಾರ

ಅತ್ತೆಯ ಕೋಣೆಯ ಪರದೆ ಹರಿದಿತ್ತು, ಹೊಲಿಸಲು ಟೈಲರಮ್ಮನ ಅಂಗಡಿಗೆ ಹೋದೆ. ಎದುರುಗಡೆ ಕ್ಲಿನಿಕ್ಕಿನ ಕಡೆ ನೋಡಬಾರದು ಅಂದುಕೊಂಡೇ ಹೋದದ್ದು. ಅಷ್ಟರಲ್ಲಿ ಒಂದು ಟ್ಯಾಕ್ಸಿ ಬಂದು ನಿಂತಿತು. ತುಂಬು ಬಸುರಿಯೊಬ್ಬಳನ್ನು ಇಬ್ಬರು ಹಿಡಿದು ಇಳಿಸಿದರು. ಅವಳು ತಲೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡಿದ್ದಳು. ಟೈಲರಮ್ಮ ಮಿಷನ್ ನಿಲ್ಲಿಸಿ ನನ್ನ ಮುಖ ನೋಡಿದಳು.

ರಸ್ತೆ ದಾಟಿದ್ದು ನನಗೆ ಗೊತ್ತೇ ಆಗಲಿಲ್ಲ. ಕಿಟಕಿಯ ಕೆಳಗೆ ನಿಂತಿದ್ದೆ. ಒಳಗೆ ಹೋಗುವ ಹಾಗಿಲ್ಲ. ಹೋದರೆ ಒಂದು ವರ್ಷಕ್ಕೆ ಹೋದ ನೋಂದಣಿ ಜನ್ಮಕ್ಕೇ ಹೋಗುತ್ತದೆ. ಬಿಪಿ ಪಟ್ಟಿಗೆ ಗಾಳಿ ತುಂಬುವ ಪುಸ್ ಪುಸ್ ಕೇಳಿಸಿತು. ಗಾಳಿ ಇಳಿಯಿತು. ಮತ್ತೆ ತುಂಬಿದಳು, ಇನ್ನೊಂದು ಕೈಗೆ ಇರಬೇಕು. ಕಣ್ಣ ಮುಂದೆ ಏನೇನೋ ಹೊಳೀತಿದೆ ಎಂದು ಆ ಹೆಂಗಸು ನರಳಿದಳು. ಈಗ ಇವಳು ಫೋನ್ ತೆಗೆದುಕೊಳ್ಳುತ್ತಾಳೆ, ಅವರು ಎತ್ತುವುದಿಲ್ಲ, ಮತ್ತೆ ಮಾಡುತ್ತಾಳೆ. ಕಿಟಕಿಯ ಕಂಬಿ ಹಿಡಿದುಕೊಂಡು ಕಾದೆ.

ಟಕ್ ಅಂತ ಸದ್ದಾಯಿತು. ಮತ್ತೆ ಟಕ್. ಮತ್ತೆ, ಮತ್ತೆ. ಗಾಜಿನ ಆಂಪೂಲುಗಳ ಕತ್ತು ಮುರಿಯುತ್ತಿದ್ದಳು. ನಮ್ಮ ಕಪಾಟಿನಲ್ಲಿ ಅಷ್ಟೊಂದು ಆಂಪೂಲು ಒಡೆಯಬೇಕಾದ ಔಷಧಿ ಅದೊಂದೇ. ನಾನು ಕಂಬಿ ಬಿಡಲಿಲ್ಲ. ಆಮೇಲೆ ಒಳಗೆ ಬಹಳ ಹೊತ್ತು ಮೊಣಕಾಲು ತಟ್ಟುವ ಮೆತ್ತನೆಯ ಸದ್ದು. ಆಮೇಲೆ ಆ ನರ್ಸಿನ ದನಿ ಕೇಳಿಸಿತು, ಅದೂ ನಡುಗುತ್ತಿತ್ತು.

"ಸಾರ್, ಹಾಕಿದೀನಿ. ತಿಳಿಸೋಣ ಅಂತ ಫೋನ್ ಮಾಡಿದೆ" ಅಂದಳು.

ನಾನು ಅಲ್ಲೇ ಗೋಡೆಗೆ ಒರಗಿ ಕೂತು ಅತ್ತೆ. ಹೋಗುವವರು ಬರುವವರು ನೋಡುತ್ತಿದ್ದರು, ನೋಡಲಿ ಅಂತ ಬಿಟ್ಟೆ.